ಜರ್ಮನಿಯಲ್ಲಿ ಗೆಳೆಯರೊಂದಿಗೆ ನಿರಾಳ ವಾರಾಂತ್ಯ: ಒಂದು ರೈಲು, ಒಂದು ಊರು, ಎರಡು ದಿನ

ಓದು ಅಥವಾ ನೌಕರಿಯ ಸಲುವಾಗಿ ಜರ್ಮನಿಗೆ ಬಂದು ನೆಲೆಸಿದ ಅನೇಕರ ವಾರಾಂತ್ಯದ ಪ್ರವಾಸ ಒಂದೇ ಬಗೆಯಲ್ಲಿ ನಡೆಯುತ್ತದೆ. ಶುಕ್ರವಾರ ರಾತ್ರಿ ಹೊರಟು, ಎರಡು ದಿನಗಳಲ್ಲಿ ಮೂರು ನಗರಗಳನ್ನು ಮುಟ್ಟಿ, ನಿಲ್ದಾಣಗಳಲ್ಲಿ ಓಡಾಡಿ, ಸೋಮವಾರ ಬೆಳಗ್ಗೆ ನಿದ್ದೆಗಣ್ಣಿನಲ್ಲಿಯೇ ತರಗತಿಗೋ ಕಚೇರಿಗೋ ಸೇರಿಕೊಳ್ಳುತ್ತಾರೆ. ನೋಡಿದ ಊರುಗಳ ಲೆಕ್ಕ ಬೆಳೆಯುತ್ತದೆಯೇ ಹೊರತು ಜೊತೆಗಿದ್ದ ಗೆಳೆಯರೊಡನೆ ಅರ್ಧ ಗಂಟೆ ಸಮಾಧಾನವಾಗಿ ಕುಳಿತು ಮಾತನಾಡಿದ ನೆನಪು ಉಳಿಯುವುದಿಲ್ಲ. ವಾರಾಂತ್ಯ ನಿರಾಳವಾಗಿರುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನೋಡುವ ತಾಣಗಳಲ್ಲ, ದಾರಿಯಲ್ಲಿ ಎಷ್ಟು ಬಾರಿ ಗಾಡಿ ಬದಲಾಯಿಸಬೇಕು ಎಂಬುದು ಎಂದು ನನಗೆ ಅನ್ನಿಸುತ್ತದೆ. ನಾಲ್ಕೈದು ಮಂದಿ ಗೆಳೆಯರು ಶನಿವಾರ ಬೆಳಗ್ಗೆ ಹೊರಟು, ಒಂದು ರಾತ್ರಿ ತಂಗಿ, ಭಾನುವಾರ ಸಂಜೆ ಮರಳುವ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದೆ.

ಮೊದಲ ಹೆಜ್ಜೆ: ದಿನಾಂಕ ಮತ್ತು ಜೊತೆಗಾರರು

ಐದು ಮಂದಿಗಿಂತ ದೊಡ್ಡ ಗುಂಪನ್ನು ಕಟ್ಟದಿರುವುದು ಒಳ್ಳೆಯದು. ಪ್ರಾದೇಶಿಕ ರೈಲುಗಳ ಗುಂಪು ಟಿಕೆಟ್ ಐವರಿಗೆ ನಿಲ್ಲುತ್ತದೆ, ಸಣ್ಣ ಊರಿನ ಊಟದ ಮನೆಗಳಲ್ಲಿ ಮುಂಚಿತವಾಗಿ ಹೇಳದೆ ಹೋದರೂ ಐವರಿಗೆ ಒಂದು ಮೇಜು ಸಿಗುವ ಸಾಧ್ಯತೆ ಇರುತ್ತದೆ, ಎಲ್ಲರೂ ಒಂದೇ ಮಾತುಕತೆಯಲ್ಲಿ ಪಾಲ್ಗೊಳ್ಳಬಹುದು. ಗುಂಪಿನಲ್ಲಿ ಜರ್ಮನ್ ಗೆಳೆಯರಿದ್ದರೆ ದಿನಾಂಕವನ್ನು ಮೂರು ನಾಲ್ಕು ವಾರಗಳ ಮೊದಲೇ ಗೊತ್ತುಮಾಡಬೇಕು. ಅವರಲ್ಲಿ ಬಹಳಷ್ಟು ಮಂದಿ ವಾರಾಂತ್ಯಗಳನ್ನು ತಿಂಗಳ ಮುಂಚೆಯೇ ತುಂಬಿಸಿಕೊಂಡಿರುತ್ತಾರೆ, ಗುರುವಾರ ಸಂಜೆ ಕರೆದರೆ ಬರಲು ಮನಸ್ಸಿದ್ದರೂ ಆಗದೆ ಹೋಗುತ್ತದೆ.

ದಿನಾಂಕ ಹುಡುಕುವಾಗ ರಜಾದಿನಗಳ ಪಟ್ಟಿಯನ್ನು ನೋಡಲೇಬೇಕು. ಜರ್ಮನಿಯಲ್ಲಿ ಹಲವು ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಅಕ್ಟೋಬರ್ 31ರ ಸುಧಾರಣಾ ದಿನ ಉತ್ತರ ಮತ್ತು ಪೂರ್ವದ ಬಹುಪಾಲು ರಾಜ್ಯಗಳಲ್ಲಿ ರಜೆಯಾದರೆ, ನವೆಂಬರ್ 1ರ ಸರ್ವಸಂತರ ದಿನ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ಸೇರಿದಂತೆ ದಕ್ಷಿಣ ಮತ್ತು ಪಶ್ಚಿಮದ ಕೆಲವು ರಾಜ್ಯಗಳಲ್ಲಿ ರಜೆ. ನೀವಿರುವ ರಾಜ್ಯದಲ್ಲಿ ಅಂಗಡಿ ತೆರೆದಿದ್ದು, ಹೋಗಿ ಇಳಿಯುವ ರಾಜ್ಯದಲ್ಲಿ ಮುಚ್ಚಿರುವುದು ಹೀಗೆಯೇ. ರಜೆ ಶನಿವಾರದಂದೇ ಬಂದರೆ ಎರಡು ದಿನವೂ ಅಂಗಡಿಗಳು ಮುಚ್ಚಿರುತ್ತವೆ. 2026ರಲ್ಲಿ ಅಕ್ಟೋಬರ್ 3ರ ಏಕೀಕರಣ ದಿನ ಶನಿವಾರ ಬೀಳುವುದರಿಂದ, ಆ ವಾರ ಹೊರಡುವವರು ಬೇಕಾದುದನ್ನೆಲ್ಲ ಶುಕ್ರವಾರವೇ ಕೊಂಡಿರಬೇಕು.

ಹಗಲಿನ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ ತಿಂಗಳಲ್ಲಿ ಬರ್ಲಿನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ, ಮಾರ್ಚ್‌ನಲ್ಲಿಯಾದರೆ ನಿದ್ದೆಯಲ್ಲಿ ಒಂದು ಗಂಟೆ ಕಡಿಮೆಯಾಗುತ್ತದೆ.

ಎರಡನೆಯ ಹೆಜ್ಜೆ: ಊರನ್ನಲ್ಲ, ರೈಲು ಮಾರ್ಗವನ್ನು ಮೊದಲು ಆರಿಸಿ

ಸಾಮಾನ್ಯವಾಗಿ ಜನ ಮೊದಲು ಒಂದು ಸುಂದರವಾದ ಛಾಯಾಚಿತ್ರ ನೋಡಿ ಆ ತಾಣವನ್ನು ಆರಿಸುತ್ತಾರೆ, ಆಮೇಲೆ ಅಲ್ಲಿಗೆ ಹೋಗುವ ದಾರಿ ಹುಡುಕುತ್ತಾರೆ. ಆ ದಾರಿಯಲ್ಲಿ ಮೂರು ಗಾಡಿ ಮತ್ತು ಒಂದು ಬಸ್ಸು ಇರುತ್ತವೆ. ಪ್ರತಿಯೊಂದು ಬದಲಾವಣೆಗೂ ಏಳೆಂಟು ನಿಮಿಷಗಳ ಬಿಡುವಷ್ಟೇ ಇದ್ದು, ಮೊದಲ ಗಾಡಿ ಹತ್ತು ನಿಮಿಷ ತಡವಾದರೆ ಉಳಿದ ಲೆಕ್ಕವೆಲ್ಲ ಕುಸಿಯುತ್ತದೆ. ಈ ಕ್ರಮವನ್ನು ತಿರುವುಹಾಕುವುದು ಸುಲಭ. ನಿಮ್ಮ ಊರಿನ ಮುಖ್ಯ ನಿಲ್ದಾಣದಿಂದ ನೇರವಾಗಿ ಹೊರಡುವ ಪ್ರಾದೇಶಿಕ ರೈಲುಗಳು ಯಾವುವು, ಅವು ಒಂದೂವರೆ ಅಥವಾ ಎರಡು ಗಂಟೆಯೊಳಗೆ ಎಲ್ಲಿಗೆ ಮುಟ್ಟಿಸುತ್ತವೆ ಎಂಬುದನ್ನು ಮೊದಲು ನೋಡಬೇಕು. ಆರ್‌ಇ, ಆರ್‌ಬಿ, ಎಸ್-ಬಾನ್ ಎಂಬ ಹೆಸರಿನ ಗಾಡಿಗಳೇ ಈ ವರ್ಗದವು. ಆ ಮಾರ್ಗದ ಮೇಲಿರುವ ಊರುಗಳಲ್ಲಿ ನದಿ, ಕೆರೆ, ಬೆಟ್ಟ, ಹಳೆಯ ಕೋಟೆ ಇವುಗಳಲ್ಲಿ ಒಂದಾದರೂ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ ಇದ್ದರೆ ಸಾಕು, ನಿಮ್ಮ ತಾಣ ಸಿಕ್ಕಿತು.

ಡ್ರೆಸ್ಡೆನ್ ಸುತ್ತಮುತ್ತ ಇರುವವರಿಗೆ ಈ ನಿಯಮ ಅತ್ಯಂತ ಚೆನ್ನಾಗಿ ಒಪ್ಪುತ್ತದೆ. ಅಲ್ಲಿಂದ ಎಸ್1 ಎಂಬ ಗಾಡಿ ಎಲ್ಬೆ ನದಿಯ ದಂಡೆಯಲ್ಲಿಯೇ ಸಾಗಿ ಮುಕ್ಕಾಲು ಗಂಟೆಯೊಳಗೆ ಕೂರ್‌ಓರ್ಟ್ ರಾಟನ್ ನಿಲ್ದಾಣಕ್ಕೆ ತಂದು ಬಿಡುತ್ತದೆ. ನಿಲ್ದಾಣದಿಂದ ಇಳಿದು ನದಿ ದಾಟಲು ಒಂದು ವಿಶಿಷ್ಟ ದೋಣಿ ಇದೆ. ಮೇಲ್ಪ್ರವಾಹದಲ್ಲಿ ಬಲವಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿಕೊಂಡಿರುವ ಈ ದೋಣಿಯನ್ನು ದಡದಿಂದ ದಡಕ್ಕೆ ತಳ್ಳುವುದು ಎಂಜಿನ್ ಅಲ್ಲ, ಹರಿಯುವ ನೀರು. ಆಚೆ ದಡದಿಂದ ಕಡಿದಾದ ಮೆಟ್ಟಿಲುಗಳನ್ನು ಹತ್ತಿದರೆ, ಎಲ್ಬೆಯಿಂದ ಸುಮಾರು 190 ಮೀಟರ್ ಎತ್ತರದಲ್ಲಿರುವ ಬಾಸ್ಟೈ ಬಂಡೆಗಳು ಮತ್ತು 1851ರಲ್ಲಿ ಮರಳುಗಲ್ಲಿನಿಂದ ಕಟ್ಟಿದ ಸೇತುವೆ ಸಿಗುತ್ತವೆ. ಮಧ್ಯಾಹ್ನದ ಹೊತ್ತು ಅಲ್ಲಿ ಜನಜಂಗುಳಿ ಇರುತ್ತದೆ. ಆದ್ದರಿಂದ ಮೊದಲ ದಿನ ಕೆಳಗಿನ ಆಮ್ಸೆಲ್‌ಸೇ ಕೆರೆಯಲ್ಲಿ ದೋಣಿ ನಡೆಸಿ, ರಾಟನ್‌ನಲ್ಲಿಯೇ ತಂಗಿ, ಭಾನುವಾರ ಬೆಳಗಿನ ಏಳು ಗಂಟೆಗೆ ಮೇಲೆ ಹತ್ತುವುದು ಉತ್ತಮ. ದಿನದ ಪ್ರವಾಸಿಗರು ಬರುವ ಮುನ್ನ ಸೇತುವೆಯ ಮೇಲೆ ನಿಮಗೆ ಬೇಕಾದಷ್ಟು ಜಾಗವಿರುತ್ತದೆ. ಸ್ಯಾಕ್ಸನ್ ಸ್ವಿಟ್ಜರ್ಲೆಂಡ್ ಎಂದು ಕರೆಯುವ ಪ್ರದೇಶದ ಈ ಭಾಗ 1990ರಿಂದ ರಾಷ್ಟ್ರೀಯ ಉದ್ಯಾನವಾಗಿರುವುದರಿಂದ ಗುರುತು ಹಾಕಿದ ದಾರಿ ಬಿಟ್ಟು ನಡೆಯುವಂತಿಲ್ಲ.

ಕಲೋನ್, ಮೈಂಟ್ಸ್ ಅಥವಾ ಫ್ರಾಂಕ್‌ಫರ್ಟ್ ಕಡೆ ಇರುವವರಿಗೆ ಬಿಂಗನ್ ಮತ್ತು ಕೋಬ್ಲೆಂಟ್ಸ್ ನಡುವಿನ ರೈನ್ ಕಣಿವೆ ಇದೆ. 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುಮಾರು 65 ಕಿಲೋಮೀಟರ್ ಉದ್ದದ ಈ ಕಣಿವೆಯ ಎರಡು ದಂಡೆಗಳಲ್ಲಿಯೂ ರೈಲು ಓಡುತ್ತದೆ. ಆದರೆ ಮೈಂಟ್ಸ್‌ನಿಂದ ಕೋಬ್ಲೆಂಟ್ಸ್‌ವರೆಗೆ ನದಿಗೆ ಒಂದು ಸೇತುವೆಯೂ ಇಲ್ಲ. ಈ ದಂಡೆಯಿಂದ ಆ ದಂಡೆಗೆ ಹೋಗಲು ದೋಣಿಯೇ ಗತಿಯಾದ್ದರಿಂದ, ತಂಗುವ ಊರು ಮತ್ತು ನೋಡುವ ಜಾಗ ಒಂದೇ ದಂಡೆಯಲ್ಲಿವೆಯೇ ಎಂದು ನಕ್ಷೆಯಲ್ಲಿ ನೋಡಿಕೊಂಡ ಬಳಿಕವೇ ಕೋಣೆ ಕಾಯ್ದಿರಿಸಬೇಕು. ಎಡದಂಡೆಯ ಬಖರಾಖ್ ಅಥವಾ ಸಾಂಕ್ಟ್ ಗೋರ್ ಊರಿನಲ್ಲಿ ತಂಗಿದರೆ ದ್ರಾಕ್ಷಿ ತೋಟಗಳ ನಡುವಿನ ಕಾಲುದಾರಿ ನಿಲ್ದಾಣದ ಬೆನ್ನಿಗೇ ಶುರುವಾಗುತ್ತದೆ. ಸಾಂಕ್ಟ್ ಗೋರ್‌ನಿಂದ ದೋಣಿ ಹಿಡಿದು ಲೋರಲೈ ಬಂಡೆಯ ಕಡೆಗೂ ಹೋಗಿ ಬರಬಹುದು. ಒಂದು ಅನಾನುಕೂಲವನ್ನು ಹೇಳಲೇಬೇಕು: ಕಣಿವೆಯಲ್ಲಿ ಸರಕು ರೈಲುಗಳು ರಾತ್ರಿಯಿಡೀ ಓಡುತ್ತವೆ. ನಿದ್ದೆ ತೆಳುವಾಗಿರುವವರು ಹಳಿಯಿಂದ ದೂರದ, ಮೇಲಿನ ಬೀದಿಯ ಮನೆಯನ್ನು ಆರಿಸಿಕೊಳ್ಳಬೇಕು.

ಬರ್ಲಿನ್‌ನಿಂದ ಒಂದು ಗಂಟೆಯ ಆಸುಪಾಸಿನಲ್ಲಿ ಲುಬ್ಬೆನಾವ್ ತಲುಪಿದರೆ ಷ್ಪ್ರೇವಾಲ್ಡ್‌ನ ಕಾಲುವೆಗಳಲ್ಲಿ ಗಳೆ ಹಾಕಿ ನಡೆಸುವ ದೋಣಿಯಲ್ಲಿ ಕುಳಿತುಕೊಳ್ಳಬಹುದು. ಸುಮ್ಮನೆ ಕುಳಿತು ಮಾತನಾಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಜರ್ಮನಿಯಲ್ಲಿ ಇನ್ನೊಂದಿದೆ ಎಂದು ನನಗನ್ನಿಸುವುದಿಲ್ಲ. ಮ್ಯೂನಿಕ್‌ನಿಂದ ಎಸ್8ರ ಕೊನೆಯ ನಿಲ್ದಾಣ ಹೆರ್ಷಿಂಗ್. ಅಲ್ಲಿ ಆಮರ್‌ಸೇ ಸರೋವರವೂ ಇದೆ, ಕಾಡಿನ ನಡುವೆ ಒಂದು ಗಂಟೆ ಹತ್ತಿ ಹೋದರೆ ಆಂಡೆಕ್ಸ್ ಮಠವೂ ಇದೆ. ಹ್ಯಾಂಬರ್ಗ್‌ನವರಿಗೆ ಮುಕ್ಕಾಲು ಗಂಟೆಯ ದೂರದಲ್ಲಿ ಲ್ಯೂಬೆಕ್‌ನ ಹಳೆಯ ಪಟ್ಟಣವಿದೆ, ಅದರಾಚೆ ಟ್ರಾವೆಮ್ಯೂಂಡೆಯ ಕಡಲತೀರವಿದೆ.

ಊರು ಗೊತ್ತಾದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿದೆ. ಹಳಿ ದುರಸ್ತಿಯ ಕೆಲಸವನ್ನು ಜರ್ಮನಿಯಲ್ಲಿ ಹಲವು ಬಾರಿ ವಾರಾಂತ್ಯದಲ್ಲಿಯೇ ನಡೆಸುತ್ತಾರೆ. ಆಗ ರೈಲಿನ ಬದಲಿಗೆ ಎಸ್‌ಇವಿ ಎಂಬ ಹೆಸರಿನಲ್ಲಿ ಬದಲಿ ಬಸ್ಸು ಓಡುತ್ತದೆ ಮತ್ತು ನಲವತ್ತು ನಿಮಿಷದ ದಾರಿ ಒಂದೂವರೆ ಗಂಟೆಯಾಗುತ್ತದೆ. ಕೋಣೆ ಕಾಯ್ದಿರಿಸುವ ಮುನ್ನ ಒಮ್ಮೆ, ಹೊರಡುವ ವಾರದ ಗುರುವಾರ ಇನ್ನೊಮ್ಮೆ, ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಸರಿಯಾದ ದಿನಾಂಕ ಹಾಕಿ ಎರಡೂ ದಿಕ್ಕಿನ ಪ್ರಯಾಣವನ್ನು ಹುಡುಕಬೇಕು. ಬರಿಯ ಸಾಮಾನ್ಯ ವೇಳಾಪಟ್ಟಿಯನ್ನು ನಂಬಿದರೆ ಈ ಸಂಗತಿ ಗೊತ್ತಾಗುವುದೇ ಇಲ್ಲ.

ಮೂರನೆಯ ಹೆಜ್ಜೆ: ಟಿಕೆಟ್

2023ರ ಮೇ 1ರಂದು 49 ಯೂರೋಗೆ ಆರಂಭವಾದ ಡಾಯ್ಚ್‌ಲಾಂಡ್‌ಟಿಕೆಟ್‌ನ ದರ 2025ರಲ್ಲಿ 58 ಯೂರೋಗೆ, 2026ರ ಜನವರಿಯಿಂದ 63 ಯೂರೋಗೆ ಏರಿದೆ. ಈ ಮಾಸಿಕ ಚಂದಾ ಇರುವವರು ದೇಶದ ಎಲ್ಲೆಡೆ ಪ್ರಾದೇಶಿಕ ರೈಲು, ಟ್ರಾಮ್, ನಗರ ಬಸ್ಸುಗಳಲ್ಲಿ ಓಡಾಡಬಹುದು, ಐಸಿಇ, ಐಸಿ, ಇಸಿ ಎಂಬ ದೂರಗಾಮಿ ರೈಲುಗಳನ್ನು ಏರುವಂತಿಲ್ಲ. ಟಿಕೆಟ್ ವ್ಯಕ್ತಿಯ ಹೆಸರಿನಲ್ಲಿರುವುದರಿಂದ ಗೆಳೆಯನಿಗೆ ಎರವಲು ಕೊಡಲಾಗದು, ತಪಾಸಣೆಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಒಂದೇ ತಿಂಗಳಿಗೆ ಬೇಕಾದವರು ಆ ತಿಂಗಳ 10ನೆಯ ತಾರೀಖಿನೊಳಗೆ ಚಂದಾ ರದ್ದುಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ.

ಎಲ್ಲರ ಬಳಿಯೂ ಈ ಟಿಕೆಟ್ ಇಲ್ಲದಿದ್ದರೆ ಲೆಂಡರ್‌ಟಿಕೆಟ್ ಇದೆ. ಬಯೆರ್ನ್-ಟಿಕೆಟ್, ಸಾಕ್ಸೆನ್-ಟಿಕೆಟ್ ಎಂದು ಪ್ರತಿ ರಾಜ್ಯಕ್ಕೂ ಅದರದೇ ಹೆಸರಿದೆ. ಐವರ ತನಕ ಒಂದೇ ಟಿಕೆಟ್‌ನಲ್ಲಿ ಒಂದು ದಿನ ಪೂರ್ತಿ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರಿಂದ, ಶನಿವಾರ ಮತ್ತು ಭಾನುವಾರ ಮಧ್ಯರಾತ್ರಿ 12ರಿಂದಲೇ ಆರಂಭವಾಗಿ ಮರುದಿನ ನಸುಕಿನ 3 ಗಂಟೆಯವರೆಗೆ ಅದು ನಡೆಯುತ್ತದೆ. ಎರಡು ದಿನಕ್ಕೆ ಎರಡು ಟಿಕೆಟ್ ಬೇಕಾಗುವುದನ್ನು ಮರೆಯಬಾರದು. ಮೂವರ ಬಳಿ ಡಾಯ್ಚ್‌ಲಾಂಡ್‌ಟಿಕೆಟ್ ಇದ್ದರೆ ಉಳಿದಿಬ್ಬರಿಗೆ ಮಾತ್ರ ಇದನ್ನು ಕೊಂಡರೆ ಸಾಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 60 ಯೂರೋ ದಂಡ. ‘ಭಾಷೆ ಗೊತ್ತಾಗಲಿಲ್ಲ’ ಎಂಬ ಸಬೂಬನ್ನು ಯಾರೂ ಕೇಳುವುದಿಲ್ಲ.

ಸೈಕಲ್ ಒಯ್ಯುವವರು ಅದಕ್ಕೆ ಬಹುತೇಕ ಕಡೆ ಪ್ರತ್ಯೇಕ ಟಿಕೆಟ್ ಕೊಳ್ಳಬೇಕಾಗುತ್ತದೆ. ಬಾಡಿಗೆ ಕಾರಿನ ಬಗ್ಗೆ ಒಂದೇ ಮಾತು: ಯುರೋಪಿಯನ್ ಒಕ್ಕೂಟದ ಹೊರಗಿನ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆ ಗಡುವು ದಾಟಿದ ಮೇಲೆ ಹಳೆಯ ಪರವಾನಗಿಯನ್ನು ನಂಬಿ ಸ್ಟಿಯರಿಂಗ್ ಹಿಡಿಯುವುದು ಪರವಾನಗಿ ಇಲ್ಲದೆ ವಾಹನ ನಡೆಸಿದ ಅಪರಾಧವಾಗುತ್ತದೆ.

ನಾಲ್ಕನೆಯ ಹೆಜ್ಜೆ: ತಂಗುವ ಜಾಗ

ಗೆಳೆಯರ ಗುಂಪಿಗೆ ಹೊಂದುವ ವಸತಿ ಮೂರು ಬಗೆಯದು. ಫೆರಿಯೆನ್‌ವೋನುಂಗ್ ಎನ್ನುವ ಅಡುಗೆಮನೆ ಸಹಿತ ಬಾಡಿಗೆ ಮನೆ ಎಲ್ಲಕ್ಕಿಂತ ಹಿತವಾದುದು, ಆದರೆ ಬೇಸಿಗೆಯಲ್ಲಿ ಹಲವು ಮಾಲೀಕರು ಒಂದು ರಾತ್ರಿಗೆ ಕೊಡಲು ಒಪ್ಪುವುದಿಲ್ಲ. ಎರಡನೆಯದು ಯುಗೆಂಡ್‌ಹೆರ್ಬೆರ್ಗೆ, ಅಂದರೆ ಯುವ ವಸತಿಗೃಹ. ನಡೆದು ಊರು ಸುತ್ತುವ ವಿದ್ಯಾರ್ಥಿಗಳಿಗೆ ಅಲ್ಲಲ್ಲಿ ಅಗ್ಗದ ತಂಗುದಾಣಗಳಿರಬೇಕು ಎಂದು ರಿಚರ್ಡ್ ಷಿರ್‌ಮಾನ್ ಎಂಬ ಶಾಲಾ ಶಿಕ್ಷಕರಿಗೆ 1909ರಲ್ಲಿ ಹೊಳೆದ ಯೋಚನೆಯಿಂದ ಈ ವ್ಯವಸ್ಥೆ ಹುಟ್ಟಿತು. ವೆಸ್ಟ್‌ಫಾಲಿಯಾದ ಆಲ್ಟೆನಾ ಕೋಟೆಯಲ್ಲಿ ಆರಂಭವಾದ ಜಗತ್ತಿನ ಮೊದಲ ಕಾಯಂ ಯುವ ವಸತಿಗೃಹ ಇಂದು ವಸ್ತುಸಂಗ್ರಹಾಲಯವಾಗಿದೆ. ಯುವ ವಸತಿಗೃಹಗಳಲ್ಲಿ ತಂಗಲು ಸದಸ್ಯತ್ವ ಬೇಕು. ನಾಲ್ಕು ಅಥವಾ ಆರು ಹಾಸಿಗೆಗಳ ಕೋಣೆಯನ್ನು ಪೂರ್ತಿಯಾಗಿ ನಿಮ್ಮ ಗುಂಪಿಗೇ ಕೇಳಿ ಪಡೆಯಬಹುದು, ಬೆಳಗಿನ ತಿಂಡಿಯೂ ಅಲ್ಲಿಯೇ ಸಿಗುತ್ತದೆ. ಹಾಸಿಗೆಗೆ ಹೊದಿಕೆ ಹಾಕುವುದು, ಹೋಗುವಾಗ ತೆಗೆದು ಬುಟ್ಟಿಗೆ ಹಾಕುವುದು ತಂಗಿದವರದೇ ಕೆಲಸ.

ಮೂರನೆಯ ಬಗೆಯನ್ನು ಬಹಳ ಮಂದಿ ಕೇಳಿಯೇ ಇರುವುದಿಲ್ಲ. 1895ರಲ್ಲಿ ವಿಯೆನ್ನಾದ ಕಾರ್ಮಿಕರ ನಡುವೆ ಹುಟ್ಟಿದ ನಾಟೂರ್‌ಫ್ರೊಯ್ಂಡೆ, ಅಂದರೆ ‘ನಿಸರ್ಗ ಮಿತ್ರರು’ ಎಂಬ ಸಂಘಟನೆಯ ಮನೆಗಳು ಜರ್ಮನಿಯ ಕಾಡುಬೆಟ್ಟಗಳ ಅಂಚಿನಲ್ಲಿ ಹರಡಿಕೊಂಡಿವೆ. ಸದಸ್ಯರಲ್ಲದವರಿಗೂ ಸ್ವಲ್ಪ ಹೆಚ್ಚಿನ ದರದಲ್ಲಿ ಕೋಣೆ ಕೊಡುತ್ತಾರೆ, ಅನೇಕ ಮನೆಗಳಲ್ಲಿ ನಾವೇ ಅಡುಗೆ ಮಾಡಿಕೊಳ್ಳಲು ಸೌಕರ್ಯವಿದೆ. ಕಾಯ್ದಿರಿಸಲು ಹಲವೆಡೆ ದೂರವಾಣಿಯನ್ನೇ ಮಾಡಬೇಕಾಗುತ್ತದೆ ಎಂಬುದನ್ನು ಕಷ್ಟವೆಂದು ನೋಡದೆ, ಕಲಿತ ಜರ್ಮನ್ ಭಾಷೆಗೆ ಸಿಕ್ಕ ಅಭ್ಯಾಸವೆಂದು ನೋಡಬಹುದು.

ವಸತಿಗೃಹಕ್ಕೆ ಹೋದೊಡನೆ ವಿದೇಶಿ ಪ್ರಜೆಗಳು ನೋಂದಣಿ ಪತ್ರ ತುಂಬಿ ಸಹಿ ಮಾಡಬೇಕು. 2025ರಿಂದ ಜರ್ಮನ್ ಪ್ರಜೆಗಳಿಗೆ ಈ ಕಟ್ಟಳೆ ಇಲ್ಲವಾದ್ದರಿಂದ, ಜೊತೆಗಿರುವ ಜರ್ಮನ್ ಗೆಳತಿಯ ಕೈಗೆ ಕೀಲಿಕೈ ಕೊಟ್ಟು ನಿಮ್ಮೆದುರು ಮಾತ್ರ ಕಾಗದ ಇಟ್ಟರೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ. ಆರೋಗ್ಯಧಾಮಗಳೆಂದು ಹೆಸರಾದ ಊರುಗಳಲ್ಲಿ ತಲೆಗಿಷ್ಟು ಎಂದು ಪ್ರವಾಸಿ ಶುಲ್ಕ ಇರುತ್ತದೆ. ಅದಕ್ಕೆ ಬದಲಾಗಿ ಕೊಡುವ ಅತಿಥಿ ಕಾರ್ಡನ್ನು ಜೇಬಿನಲ್ಲಿಯೇ ಮರೆಯಬೇಡಿ. ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಕೋನುಸ್ ಚಿಹ್ನೆಯುಳ್ಳ ಅತಿಥಿ ಕಾರ್ಡ್ ಇದ್ದರೆ ಅಲ್ಲಿನ ಬಸ್ಸು ಮತ್ತು ಪ್ರಾದೇಶಿಕ ರೈಲುಗಳಲ್ಲಿ ಉಚಿತವಾಗಿ ಸಂಚರಿಸಬಹುದು.

ಡೇರೆ ಹಾಕಿ ಕಾಡಿನಲ್ಲಿಯೇ ಮಲಗುವ ಆಸೆ ಗುಂಪಿನಲ್ಲಿ ಯಾರಿಗಾದರೂ ಇದ್ದರೆ, ಅದನ್ನು ಅಧಿಕೃತ ಶಿಬಿರ ತಾಣದಲ್ಲಿಯೇ ತೀರಿಸಿಕೊಳ್ಳಬೇಕು. ಸಿಕ್ಕಲ್ಲಿ ಡೇರೆ ಹಾಕುವುದಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ.

ಐದನೆಯ ಹೆಜ್ಜೆ: ಭಾನುವಾರಕ್ಕೆ ಶನಿವಾರವೇ ಸಿದ್ಧತೆ

1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಭಾನುವಾರವನ್ನು ದುಡಿಮೆಯಿಂದ ವಿಶ್ರಾಂತಿ ಪಡೆಯುವ ದಿನವೆಂದು ಕಾಪಾಡಿತು. 1949ರ ಮೂಲ ಕಾನೂನು, ಅಂದರೆ ಜರ್ಮನಿಯ ಈಗಿನ ಸಂವಿಧಾನ, ತನ್ನ 140ನೆಯ ವಿಧಿಯ ಮೂಲಕ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಹೀಗಾಗಿ ಭಾನುವಾರ ಅಂಗಡಿ ಮುಚ್ಚಿರುವುದು ವ್ಯಾಪಾರಿಗಳ ಅಭ್ಯಾಸವಷ್ಟೇ ಅಲ್ಲ, ಸಂವಿಧಾನದ ಬೆಂಬಲವಿರುವ ಏರ್ಪಾಡು. ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿಗಳು, ಪೆಟ್ರೋಲ್ ಬಂಕ್‌ಗಳು, ಬೆಳಗಿನ ಕೆಲವು ಗಂಟೆ ತೆರೆಯುವ ಬೇಕರಿಗಳು ಮಾತ್ರ ಇದಕ್ಕೆ ಹೊರತು. ನೀವು ತಂಗುವ ಸಣ್ಣ ಊರಿನಲ್ಲಿ ಇವು ಮೂರರಲ್ಲಿ ಒಂದೂ ಇಲ್ಲದಿರಬಹುದು.

ಆದ್ದರಿಂದ ಶನಿವಾರ ಸಂಜೆಯ ಅಡುಗೆ, ಭಾನುವಾರದ ತಿಂಡಿ ಮತ್ತು ಮಧ್ಯಾಹ್ನದ ಬುತ್ತಿ, ಈ ಮೂರು ಹೊತ್ತಿನ ಸಾಮಾನನ್ನು ಶನಿವಾರ ಹೊರಡುವ ಮೊದಲೇ ನಿಮ್ಮ ಊರಿನಲ್ಲಿ ಕೊಂಡುಬಿಡಬೇಕು. ಇಳಿದ ಊರಿನಲ್ಲಿ ಕೊಳ್ಳೋಣ ಎಂದು ಬಿಟ್ಟರೆ ಸುತ್ತಾಟ ಮುಗಿಯುವಷ್ಟರಲ್ಲಿ ಅಂಗಡಿಯೂ ಮುಚ್ಚುತ್ತದೆ. ಬವೇರಿಯಾದಲ್ಲಿ ದಿನಸಿ ಅಂಗಡಿಗಳು ಸಾಮಾನ್ಯವಾಗಿ ರಾತ್ರಿ 8ಕ್ಕೆ ಬಾಗಿಲು ಹಾಕುತ್ತವೆ. ಯಾರು ಏನು ತರಬೇಕೆಂದು ಹಂಚಿಕೊಳ್ಳುವಾಗ ಎಣ್ಣೆ, ಉಪ್ಪು, ಚಹಾಪುಡಿಯಂಥ ಸಣ್ಣ ಸಾಮಾನುಗಳನ್ನು ಒಬ್ಬರ ಹೆಸರಿಗೆ ಖಚಿತವಾಗಿ ಬರೆಯಬೇಕು. ಎಲ್ಲರೂ ತರಕಾರಿ ತಂದು ಯಾರೂ ಉಪ್ಪು ತರದಿರುವುದೇ ಇಂಥ ಪ್ರವಾಸಗಳ ವಾಡಿಕೆ.

ಊಟದ ಮನೆಯಲ್ಲಿ ಉಣ್ಣುವುದಾದರೆ ಆ ಮನೆಯ ವಾರದ ರಜೆ ಯಾವತ್ತು, ಅಡುಗೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದನ್ನು ನೋಡಿರಬೇಕು. ಹಳ್ಳಿಯ ಕಡೆ ಮಧ್ಯಾಹ್ನ 2ರಿಂದ ಸಂಜೆ 5ರವರೆಗೆ ಬಿಸಿ ಊಟ ಸಿಗದಿರುವುದು ಸಾಮಾನ್ಯ. ಮಾಂಸ ತಿನ್ನದವರಿಗೆ ದಕ್ಷಿಣದಲ್ಲಿ ಚೀಸ್ ಬೆರೆಸಿದ ಕೇಸೆಷ್ಪೆಟ್ಸ್ಲೆ, ಬಹುಕಡೆ ಆಲೂಗೆಡ್ಡೆಯ ದೋಸೆಯಂತಿರುವ ಕಾರ್ಟೊಫೆಲ್‌ಪುಫರ್ ಸಿಗುತ್ತವೆ. ಎರಡರಲ್ಲಿಯೂ ಮೊಟ್ಟೆ ಇರುತ್ತದೆ ಎಂಬುದನ್ನು ಮೊಟ್ಟೆ ಬಿಟ್ಟವರು ತಿಳಿದಿರಬೇಕು. ಕಾರ್ಡ್ ತೆಗೆದುಕೊಳ್ಳದ ಸಣ್ಣ ಹೋಟೆಲುಗಳು, ದೋಣಿಯವರು ಇನ್ನೂ ಇದ್ದಾರೆ. ನಿಲ್ದಾಣಗಳ ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಬೇಕಾಗುತ್ತದೆ. ತಲೆಗೆ ಐವತ್ತು ಯೂರೋ ನಗದು ಇಟ್ಟುಕೊಂಡರೆ ಚಿಂತೆ ಇರುವುದಿಲ್ಲ.

ಆರನೆಯ ಹೆಜ್ಜೆ: ಚೀಲ ಮತ್ತು ಕಾಗದಪತ್ರ

ಒಂದು ಬೆನ್ನುಚೀಲಕ್ಕಿಂತ ಹೆಚ್ಚು ಸಾಮಾನು ಬೇಕಿಲ್ಲ. ಮಳೆಯಂಗಿ, ಹಿಡಿತವಿರುವ ಶೂ, ಒಂದು ಜೊತೆ ಹೆಚ್ಚುವರಿ ಕಾಲುಚೀಲ, ನೀರಿನ ಬಾಟಲಿ, ಪವರ್ ಬ್ಯಾಂಕ್ ಇಷ್ಟು ಮುಖ್ಯ. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರುವುದರಿಂದ ನೀರು ಕೊಳ್ಳುವ ಅಗತ್ಯವಿಲ್ಲ. ನೋವಿನ ಮಾತ್ರೆ, ಜ್ವರದ ಮಾತ್ರೆಗಳನ್ನು ಮನೆಯಿಂದಲೇ ತರಬೇಕು, ಏಕೆಂದರೆ ಪ್ಯಾರಾಸಿಟಮಾಲ್ ಕೂಡ ಇಲ್ಲಿ ಔಷಧಾಲಯದ ಹೊರಗೆ ಮಾರುವುದಿಲ್ಲ ಮತ್ತು ಭಾನುವಾರ ಸರದಿಯ ಮೇಲೆ ಒಂದೊಂದು ಔಷಧಾಲಯ ಮಾತ್ರ ತೆರೆದಿರುತ್ತದೆ. ಆ ದಿನ ಯಾವುದು ತೆರೆದಿದೆ ಎಂಬ ವಿವರವನ್ನು ಮುಚ್ಚಿದ ಔಷಧಾಲಯದ ಬಾಗಿಲಲ್ಲಿಯೇ ಹಾಕಿರುತ್ತಾರೆ. ಜೀವಕ್ಕೆ ಅಪಾಯವಿದ್ದರೆ 112, ಪೊಲೀಸರಿಗೆ 110. ವೈದ್ಯರು ಬೇಕು ಆದರೆ ಆಂಬುಲೆನ್ಸ್ ಕರೆಯುವಷ್ಟು ತೀವ್ರತೆ ಇಲ್ಲ ಎಂದಾದರೆ ವಾರಾಂತ್ಯದಲ್ಲಿಯೂ 116117 ಸಂಖ್ಯೆಗೆ ಕರೆ ಮಾಡಬಹುದು. ಆರೋಗ್ಯ ವಿಮೆಯ ಕಾರ್ಡು ಪ್ರತಿಯೊಬ್ಬರ ಜೇಬಿನಲ್ಲಿರಲಿ.

ಗಡಿಯ ಸಮೀಪ ಹೋಗುವವರು ಮೂಲ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿ ಎರಡನ್ನೂ ಒಯ್ಯಬೇಕು. ಡಾಯ್ಚ್‌ಲಾಂಡ್‌ಟಿಕೆಟ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆ, ಆದ್ದರಿಂದ ಬವೇರಿಯಾದವರು ಗಡಿ ದಾಟುತ್ತಿದ್ದೇವೆ ಎಂಬ ಅರಿವೂ ಇಲ್ಲದೆ ಹೋಗಿಬಿಡುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿದ್ದು, ಮರಳುವ ರೈಲಿನಲ್ಲಿ ಪೊಲೀಸರು ಹತ್ತುವುದು ಸಾಮಾನ್ಯವಾಗಿದೆ. ಫೋನಿನಲ್ಲಿರುವ ಪಾಸ್‌ಪೋರ್ಟ್ ಚಿತ್ರ ಅಲ್ಲಿ ನಡೆಯುವುದಿಲ್ಲ. ಪರವಾನಗಿಯ ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಗುಂಪಿನಲ್ಲಿದ್ದರೆ ಗಡಿಯೊಳಗಿನ ಊರನ್ನೇ ಆರಿಸಿ.

ವಸಂತದಿಂದ ಶರತ್ಕಾಲದವರೆಗೆ ಹುಲ್ಲು, ಪೊದೆಗಳಲ್ಲಿ ಉಣುಗುಗಳಿರುತ್ತವೆ. ಅವು ಕಚ್ಚಿದರೆ ಬರಬಹುದಾದ ಎಫ್‌ಎಸ್‌ಎಂಇ ಎಂಬ ಮಿದುಳಿನ ಉರಿಯೂತಕ್ಕೆ ಲಸಿಕೆ ಇದೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನ ಬಹುಪಾಲು ಜಿಲ್ಲೆಗಳನ್ನು ಈ ರೋಗದ ಅಪಾಯವಿರುವ ಪ್ರದೇಶಗಳೆಂದು ಗುರುತಿಸಲಾಗಿದೆ. ಉಣುಗುಗಳಿಂದಲೇ ಹರಡುವ ಬೊರೆಲಿಯೋಸಿಸ್‌ಗೆ ಲಸಿಕೆ ಇಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆಯುವುದು, ಸಂಜೆ ಸ್ನಾನಕ್ಕೆ ಮುನ್ನ ಮೊಣಕಾಲ ಹಿಂಬದಿ, ಕಂಕುಳು, ಕೂದಲಂಚನ್ನು ನೋಡಿಕೊಳ್ಳುವುದು ಅಪಾಯವನ್ನು ಕಡಿಮೆ ಮಾಡುತ್ತದೆ.

ಏಳನೆಯ ಹೆಜ್ಜೆ: ಆ ಎರಡು ದಿನಗಳು

ಬೆಳಗಿನ ಒಂಬತ್ತರ ಸುಮಾರಿಗೆ ಹೊರಡುವ ಗಾಡಿ ಸಾಕು. ಪ್ಲಾಟ್‌ಫಾರ್ಮಿನ ಮೇಲೆ ಹತ್ತು ನಿಮಿಷ ಮುಂಚೆ ಸೇರುವುದೆಂದು ಗೊತ್ತುಮಾಡಿ, ಯಾರಾದರೂ ತಪ್ಪಿಸಿಕೊಂಡರೆ ಮುಂದಿನ ಗಾಡಿಯಲ್ಲಿ ಬರಲಿ ಎಂದು ಮೊದಲೇ ಮಾತನಾಡಿಕೊಂಡಿದ್ದರೆ ಮುನಿಸಿಗೆ ಎಡೆಯಿರುವುದಿಲ್ಲ. ಕೆಲವು ಗಾಡಿಗಳು ನಡುದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ಮ್ಯೂನಿಕ್‌ನಿಂದ ಟೇಗರ್ನ್‌ಸೇ ಕಡೆಗೆ ಹೊರಡುವ ಗಾಡಿ ಹೀಗೆ ಬೇರ್ಪಡುತ್ತದೆ. ಹತ್ತುವ ಮುನ್ನ ಡಬ್ಬಿಯ ಮೇಲಿನ ಊರಿನ ಹೆಸರನ್ನು ಓದದಿದ್ದರೆ ಮಾತಿನಲ್ಲಿ ಮುಳುಗಿದ ಗುಂಪು ಬೇರೊಂದು ಕಣಿವೆಗೆ ಹೋಗಿ ಇಳಿಯುತ್ತದೆ.

ಇಳಿದ ಮೇಲೆ ದಿನಕ್ಕೆ ಒಂದೇ ಮುಖ್ಯ ಕಾರ್ಯಕ್ರಮ ಇರಲಿ. ಶನಿವಾರ ಮೂರು ಗಂಟೆಯ ನಡಿಗೆ ಇದ್ದರೆ ಕೋಟೆಯ ದರ್ಶನ ಭಾನುವಾರಕ್ಕೆ. ಮಧ್ಯಾಹ್ನವೊಂದನ್ನು ಏನನ್ನೂ ಬರೆಯದೆ ಖಾಲಿ ಬಿಡಬೇಕು ಎಂಬುದು ನನ್ನ ಹಟ. ಯಾರಿಗೆ ನಿದ್ದೆ ಬೇಕೋ ಅವರು ಮಲಗಲಿ, ಯಾರಿಗೆ ಈಜು ಬೇಕೋ ಅವರು ಕೆರೆಗೆ ಹೋಗಲಿ. ಐವರೂ ಎಲ್ಲ ಹೊತ್ತೂ ಜೊತೆಯಲ್ಲಿಯೇ ಇರಬೇಕೆಂಬ ಒತ್ತಾಯವೇ ಎರಡನೆಯ ದಿನದ ಕಿರಿಕಿರಿಗೆ ಮೂಲ. ಕೆರೆಯಲ್ಲಿ ಈಜುವವರು ಕಾವಲುಗಾರರಿರುವ ತೀರವನ್ನು ಆರಿಸಬೇಕು. ಕೆಂಪು ಮತ್ತು ಹಳದಿ ಬಾವುಟ ಹಾರುತ್ತಿದ್ದರೆ ಕಾವಲಿದೆ ಎಂದೂ, ಬರೀ ಕೆಂಪು ಬಾವುಟವಿದ್ದರೆ ನೀರಿಗಿಳಿಯಬಾರದು ಎಂದೂ ಅರ್ಥ. ರೈನ್ ನದಿಯಲ್ಲಿ ಹಡಗುಗಳ ಸೆಳೆತ ಮತ್ತು ಪ್ರವಾಹದ ವೇಗ ಎರಡೂ ಅಪಾಯಕಾರಿ, ಅಲ್ಲಿ ಪಾದ ನೆನೆಸಿಕೊಂಡು ಬಂದರೆ ಸಾಕು.

ಹೊರಗೆ ಬೆಂಕಿ ಹಾಕಿ ಅಡುಗೆ ಮಾಡುವ ಆಸೆಯಿದ್ದರೆ ಗ್ರಿಲ್‌ಪ್ಲಾಟ್ಸ್ ಎಂಬ ಫಲಕವಿರುವ ಜಾಗದಲ್ಲಿ ಮಾತ್ರ ಮಾಡಬೇಕು. ಬಹುಪಾಲು ರಾಜ್ಯಗಳಲ್ಲಿ ಕಾಡಿನಿಂದ 100 ಮೀಟರ್ ಒಳಗೆ ತೆರೆದ ಬೆಂಕಿ ನಿಷಿದ್ಧ. ಬೇಸಿಗೆಯ ಒಣ ದಿನಗಳಲ್ಲಿ ಅಧಿಕೃತ ಜಾಗಗಳನ್ನೂ ಮುಚ್ಚುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು, ಭಾನುವಾರ ಹಗಲೂ ಅದೇ ನಿಯಮ. ಬಾಲ್ಕನಿಯಲ್ಲಿ ಕುಳಿತ ಗೆಳೆಯರ ನಗು ಕಣಿವೆಯಲ್ಲಿ ಎಷ್ಟು ದೂರ ಕೇಳಿಸುತ್ತದೆ ಎಂಬುದು ಪಕ್ಕದ ಮನೆಯವರು ಬಂದು ಹೇಳಿದಾಗಲೇ ತಿಳಿಯುವುದು, ಆದ್ದರಿಂದ ಹತ್ತರ ನಂತರ ಮಾತನ್ನು ಒಳಗೆ ಒಯ್ಯುವುದು ಲೇಸು.

ಖಾಲಿಯಾದ ಬಾಟಲಿಗಳನ್ನು ಎಸೆಯಬೇಡಿ. ಒಮ್ಮೆ ಬಳಸುವ ಬಾಟಲಿ ಮತ್ತು ಡಬ್ಬಗಳ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿ ತೆರೆದ ಸೋಮವಾರ ಅವನ್ನು ಯಂತ್ರಕ್ಕೆ ಹಾಕಿ ಹಣ ಮರಳಿ ಪಡೆಯಬಹುದು.

ಕೊನೆಯ ಹೆಜ್ಜೆ: ಮರಳುವುದು ಮತ್ತು ಲೆಕ್ಕ

ಭಾನುವಾರ ಕೊನೆಯ ಗಾಡಿಯನ್ನು ನಂಬದೆ ಅದಕ್ಕಿಂತ ಎರಡು ಗಾಡಿ ಮೊದಲಿನದಕ್ಕೆ ಹೊರಡಬೇಕು. ಹಳ್ಳಿಯ ಬಸ್ಸುಗಳು ಭಾನುವಾರ ಎರಡು ಮೂರು ಗಂಟೆಗೊಂದು ಮಾತ್ರ ಇರಬಹುದು, ಕೆಲವು ಕಡೆ ಮೊದಲೇ ದೂರವಾಣಿ ಮಾಡಿದರಷ್ಟೇ ಬರುವ ರೂಫ್‌ಬುಸ್ ಎಂಬ ಸೇವೆ ಮಾತ್ರ ಇರುತ್ತದೆ. ಬೇಸಿಗೆಯ ಭಾನುವಾರ ಸಂಜೆ ಐದರಿಂದ ಏಳರವರೆಗಿನ ಗಾಡಿಗಳು ಕಿಕ್ಕಿರಿದಿರುತ್ತವೆ. ಆ ನೂಕುನುಗ್ಗಲಿನಲ್ಲಿ ನಿಂತುಕೊಂಡು ಬರುವುದಕ್ಕಿಂತ ಮೂರೂವರೆಯ ಗಾಡಿ ಹಿಡಿಯುವುದನ್ನೇ ನಾನು ಮೆಚ್ಚುತ್ತೇನೆ.

ಖರ್ಚಿನ ಲೆಕ್ಕವನ್ನು ಈ ಗಾಡಿಯಲ್ಲಿ ಕುಳಿತಿರುವಾಗಲೇ ಮುಗಿಸಬೇಕು. ಊಟದ ಮನೆಗಳಲ್ಲಿ ಬಿಲ್ಲು ಒಟ್ಟಿಗೋ ಬೇರೆ ಬೇರೆಯೋ ಎಂದು ಮಾಣಿಯೇ ಕೇಳುತ್ತಾರೆ, ಬೇರೆ ಬೇರೆ ಕೊಡುವುದರಲ್ಲಿ ಸಂಕೋಚವೇನೂ ಇಲ್ಲ. ಉಳಿದ ಜಂಟಿ ಖರ್ಚುಗಳಾದ ಕೋಣೆ, ಟಿಕೆಟ್, ದಿನಸಿಗಳನ್ನು ಆಗಿಂದಾಗ್ಗೆ ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಬರೆದಿದ್ದರೆ ಐದು ನಿಮಿಷದ ಕೆಲಸ. ಸೋಮವಾರಕ್ಕೆ ಬಿಟ್ಟ ಲೆಕ್ಕ ತಿಂಗಳುಗಟ್ಟಲೆ ಎಳೆಯುತ್ತದೆ ಮತ್ತು ಹೆಚ್ಚು ಖರ್ಚು ಮಾಡಿದವರು ಕೇಳಲಾಗದೆ ಸುಮ್ಮನಾಗುತ್ತಾರೆ.

ಸಾಮಾನ್ಯ ದರದ ಟಿಕೆಟ್‌ನಲ್ಲಿ ಪ್ರಯಾಣ ಮಾಡಿದವರು 60 ನಿಮಿಷಕ್ಕಿಂತ ತಡವಾಗಿ ಊರು ಸೇರಿದರೆ ಆ ಪ್ರಯಾಣದ ದರದ 25 ಶೇಕಡಾ, 120 ನಿಮಿಷ ಮೀರಿದರೆ 50 ಶೇಕಡಾ ಪರಿಹಾರ ಕೇಳಬಹುದು. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, 4 ಯೂರೋಗಿಂತ ಕಡಿಮೆ ಮೊತ್ತವನ್ನು ಕೊಡುವುದಿಲ್ಲ. ಬಂದ ಹಣವನ್ನು ಟಿಕೆಟ್ ಕೊಂಡವರು ಜಂಟಿ ಲೆಕ್ಕಕ್ಕೆ ಸೇರಿಸಿ, ಮುಂದಿನ ಪ್ರವಾಸದ ಮುಂಗಡವಾಗಿ ಇಟ್ಟುಕೊಳ್ಳಬಹುದು.